ಕುಡಿ, ಗಿಣ್ಣು, ಉಪ್ಪುಕಂಡ: ಒಂದು ಅಡುಗೆಯ ನೆಪದಲ್ಲಿ ನಮ್ಮ ಸೀಮೆಯ ಇತಿಹಾಸ



ಈ ಬಾರಿಯ ಲೇಖನ ಒಂದು ಅಡುಗೆಯನ್ನು ಕುರಿತದ್ದು. ಗಂಗರು, ಹೊಯ್ಸಳರು, ಒಡೆಯರು ಎಂದು ರಾಜವಂಶಗಳ ಪಟ್ಟಿ ಒಪ್ಪಿಸುತ್ತಿದ್ದ ಇತಿಹಾಸದ ಮೇಷ್ಟರಿಗೆ ಒಲೆಯ ಮುಂದೇನು ಕೆಲಸ ಎಂದು ನಿಮ್ಮಲ್ಲಿ ಕೆಲವರು ನಗಬಹುದು. ನಗಿರಿ, ಅಡ್ಡಿಯಿಲ್ಲ. ಯಾರು ಯಾವ ವರ್ಷ ಪಟ್ಟಕ್ಕೆ ಬಂದರೆಂಬುದನ್ನು ತಿಳಿದು, ಅವರ ನಾಡಿನ ಜನ ಏನು ಉಂಡರು, ಯಾರೊಡನೆ ಕುಳಿತು ಉಂಡರು ಎಂಬುದನ್ನು ತಿಳಿಯದಿದ್ದರೆ ಅದು ಅರ್ಧ ಇತಿಹಾಸವೇ ಸರಿ. ಉಳಿದರ್ಧ ಅಡುಗೆಮನೆಯಲ್ಲಿದೆ.

ಹೊರದೇಶಗಳಲ್ಲಿ ನೆಲೆಸಿರುವ ನಿಮ್ಮಲ್ಲಿ ಹಲವರಿಗೆ ಆಸ್ಪರಾಗಸ್ ಎಂಬ ತರಕಾರಿ ಪರಿಚಿತ. ಗೇಣುದ್ದದ ಹಸಿರು ಕಡ್ಡಿ, ತುದಿಯಲ್ಲಿ ಮುಚ್ಚಿದ ಮೊಗ್ಗಿನಂಥ ಚೂಪು. ಅಲ್ಲಿ ವಸಂತಕಾಲದಲ್ಲಿ ಇದರ ಸುಗ್ಗಿ. ಅದರಿಂದ ಮಾಡುವ ಒಂದು ಅಡುಗೆ ಬಹಳ ಸರಳವಾದದ್ದು. ಕಡ್ಡಿಗಳ ಬುಡದ ಗಡುಸು ಭಾಗವನ್ನು ಮುರಿದು ತೆಗೆದು, ಉಪ್ಪು ಹಾಕಿದ ಕುದಿಯುವ ನೀರಿನಲ್ಲಿ ಎರಡು ನಿಮಿಷ ಇಟ್ಟು ತೆಗೆಯುತ್ತಾರೆ. ನಾಲ್ಕೈದು ಕಡ್ಡಿಗಳನ್ನು ಒಟ್ಟು ಸೇರಿಸಿ, ಉಪ್ಪಿನಲ್ಲಿ ಹದಮಾಡಿದ ಹಂದಿಮಾಂಸದ ತೆಳುವಾದ ಹಾಳೆಯಿಂದ, ಅಂದರೆ ಹ್ಯಾಮ್‌ನಿಂದ ಸುತ್ತುತ್ತಾರೆ. ಬೆಣ್ಣೆ ಸವರಿದ ತಟ್ಟೆಯಲ್ಲಿ ಈ ಕಟ್ಟುಗಳನ್ನು ಜೋಡಿಸಿ, ಮೇಲೆ ಚೀಸ್ ತುರಿದು ಉದುರಿಸಿ, ಕಾದ ಓವನ್ನಿನಲ್ಲಿ ಹದಿನೈದು ನಿಮಿಷ ಬೇಯಿಸುತ್ತಾರೆ. ಚೀಸ್ ಕರಗಿ, ಅಂಚುಗಳು ಹೊಂಬಣ್ಣಕ್ಕೆ ತಿರುಗಿದರೆ ಅಡುಗೆ ಮುಗಿಯಿತು. ಮಸಾಲೆಯೆಂದರೆ ಒಂದಿಷ್ಟು ಮೆಣಸಿನ ಪುಡಿ, ಅಷ್ಟೇ.

ಒಂದು ಕುಡಿ, ಒಂದು ಹಾಲಿನ ಗಟ್ಟಿ, ಒಂದು ಉಪ್ಪಿನ ಮಾಂಸ, ಮೇಲೂ ಕೆಳಗೂ ಬಿಸಿ. ಇದನ್ನು ಓದಿದಾಗ ಇದು ನಮಗೆ ಸಂಬಂಧವೇ ಇಲ್ಲದ ಪರದೇಶದ ಊಟ ಎನಿಸುವುದು ಸಹಜ. ಆದರೆ ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳ ಬೇಲಿ, ಕೊಟ್ಟಿಗೆ, ಒಲೆಗಳನ್ನು ಸುತ್ತಿ ಬಂದರೆ ಈ ನಾಲ್ಕರ ದಾಯಾದಿಗಳೂ ಇಲ್ಲಿಯೇ ಇದ್ದವೆಂಬುದು ಗೊತ್ತಾಗುತ್ತದೆ. ಹಾಗಿದ್ದರೆ ಅವು ಒಂದೇ ತಟ್ಟೆಯಲ್ಲಿ ಏಕೆ ಸೇರಲಿಲ್ಲ? ಈ ಪ್ರಶ್ನೆಗೆ ಸಿಗುವ ಉತ್ತರ ಅಡುಗೆಗಿಂತ ದೊಡ್ಡದು.

ಮೊದಲು ಕುಡಿಯ ವಿಚಾರ. ಆಸ್ಪರಾಗಸ್ ಎಂಬ ಕುಲಕ್ಕೆ ಸೇರಿದ ಒಂದು ಮುಳ್ಳುಬಳ್ಳಿ ನಮ್ಮ ಕುರುಚಲು ಕಾಡುಗಳಲ್ಲಿ, ಬೇಲಿಸಾಲುಗಳಲ್ಲಿ ತಾನಾಗಿ ಬೆಳೆಯುತ್ತದೆ. ಸೂಜಿಯಂಥ ಎಲೆ, ಮಳೆಗಾಲದ ನಂತರ ಸಣ್ಣ ಬಿಳಿಯ ಪರಿಮಳದ ಹೂ. ಸಂಸ್ಕೃತದಲ್ಲಿ ಇದು ಶತಾವರಿ. ಕನ್ನಡದಲ್ಲಿ ಮಜ್ಜಿಗೆ ಗೆಡ್ಡೆ ಎಂದೂ, ಇನ್ನೂ ಚೆಂದವಾಗಿ ಹಲವು ಮಕ್ಕಳ ತಾಯಿ ಎಂದೂ ಕರೆಯುತ್ತಾರೆ. ಬುಡ ಅಗೆದರೆ ಬೆರಳಿನಂಥ ಹತ್ತಾರು ಗೆಡ್ಡೆಗಳು ಗೊಂಚಲಾಗಿ ತೂಗುವುದನ್ನು ಕಂಡವರಿಗೆ ಆ ಹೆಸರು ಹೇಗೆ ಬಂತೆಂದು ವಿವರಿಸಬೇಕಾಗಿಲ್ಲ. ಆ ಹೆಸರಿಗೆ ಇನ್ನೊಂದು ಅರ್ಥವೂ ಹೊಂದುತ್ತದೆ. ಬಾಣಂತಿಯರಿಗೆ ಹಾಲು ಹೆಚ್ಚಲೆಂದು ಕೊಡುವ ಔಷಧಿಗಳಲ್ಲಿ ಶತಾವರಿಗೆ ಆಯುರ್ವೇದವು ಬಹು ಹಿಂದಿನಿಂದ ಸ್ಥಾನ ಕೊಟ್ಟಿದೆ.

ನಂಜನಗೂಡಿಗೂ ಔಷಧಿಗೂ ಇರುವ ನಂಟನ್ನು ನಿಮಗೆ ಹೇಳಬೇಕಾಗಿಲ್ಲ. ನಂಜನ್ನು ಉಂಡ ದೇವರು ನಂಜುಂಡ. ಆನೆಯ ಕಣ್ಣು ವಾಸಿಯಾದಾಗ ಟಿಪ್ಪು ಸುಲ್ತಾನನು ಆತನನ್ನು ಹಕೀಮ್ ನಂಜುಂಡ ಎಂದು ಕರೆದನೆಂಬುದು ಊರಿನಲ್ಲಿ ಎಲ್ಲರ ಬಾಯಲ್ಲಿರುವ ಐತಿಹ್ಯ. ಆ ನಂಜಿನ ಉರಿ ತಣಿಯಲೆಂದು ದೇವರಿಗೆ ಬೆಣ್ಣೆ, ಶುಂಠಿ, ಸಕ್ಕರೆ ಸೇರಿಸಿದ ಸುಗಂಧಿತ ಸಕ್ಕರೆಯನ್ನು ನೈವೇದ್ಯ ಮಾಡುವ ಪದ್ಧತಿಯೂ ಇದೆ. ಇಂಥ ಊರಿನಲ್ಲಿ 1913ರಲ್ಲಿ ಆಯುರ್ವೇದ ವಿದ್ವಾಂಸರಾದ ಬಿ.ವಿ. ಪಂಡಿತರು ಸದ್ವೈದ್ಯಶಾಲೆಯನ್ನು ಸ್ಥಾಪಿಸಿದರು. ನಂಜನಗೂಡು ಹಲ್ಲುಪುಡಿಯ ಪೊಟ್ಟಣ ಕರ್ನಾಟಕದ ಎಷ್ಟು ಮನೆಗಳ ಬಚ್ಚಲಿನ ಗೂಡಿನಲ್ಲಿತ್ತೆಂಬುದನ್ನು ನನ್ನ ವಯಸ್ಸಿನವರು ಬಲ್ಲರು. ಬೇರು, ತೊಗಟೆ, ಗೆಡ್ಡೆಗಳಿಗೆ ಹೀಗೆ ಈ ಊರಿನಲ್ಲಿ ಒಂದು ಗೌರವದ ಸ್ಥಾನ ದೊರಕಿತು.

ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಿ. ಒಂದೇ ಕುಲದ ಎರಡು ಗಿಡಗಳು. ಯುರೋಪಿನವರು ಅದರ ಕುಡಿಯನ್ನು ತಿಂದರು, ಬೇರನ್ನು ನೆಲದಲ್ಲಿಯೇ ಬಿಟ್ಟರು. ನಾವು ಬೇರನ್ನು ಅಗೆದು ತಂದೆವು, ಕುಡಿಯತ್ತ ನೋಡಲಿಲ್ಲ. ರೋಮಿನ ಕೇಟೋ ಎಂಬಾತ ಕ್ರಿ.ಪೂ. ಎರಡನೆಯ ಶತಮಾನದಲ್ಲಿ ಬರೆದ ಬೇಸಾಯದ ಪುಸ್ತಕದಲ್ಲಿ ಆಸ್ಪರಾಗಸ್ ಬೆಳೆಯುವ ಕ್ರಮವಿದೆ. ದಾರ ಹಿಡಿದು ಸಾಲಿನಲ್ಲಿ ಬೀಜ ಊರಬೇಕು, ಗೊಬ್ಬರವೆಂದರೆ ಕುರಿಯ ಗೊಬ್ಬರವೇ ಆಗಬೇಕು, ಬೇರೆ ಗೊಬ್ಬರದಿಂದ ಕಳೆ ಹುಟ್ಟುತ್ತದೆ ಎಂದು ಆತ ವಿವರಿಸುತ್ತಾನೆ. ಹೊಲದಲ್ಲಿ ಕುರಿಮಂದೆ ಹಾಕಿಸಿ ಫಲವತ್ತು ಮಾಡಿಕೊಳ್ಳುತ್ತಿದ್ದ ನಮ್ಮ ರೈತರಿಗೆ ಈ ಮಾತು ಹೊಸದಾಗಿ ಕೇಳಿಸದು. ಎಪಿಸಿಯಸ್‌ನ ಹೆಸರಿನಲ್ಲಿ ಬಂದಿರುವ ರೋಮನ್ ಪಾಕಗ್ರಂಥದಲ್ಲಿಯಂತೂ ಆಸ್ಪರಾಗಸ್ಸನ್ನು ಅರೆದು, ಮೊಟ್ಟೆ ಮೆಣಸು ಸೇರಿಸಿ, ಬಿಸಿಬೂದಿಯ ಮೇಲೆ ಗಟ್ಟಿಯಾಗುವಂತೆ ಬೇಯಿಸುವ ಅಡುಗೆಯಿದೆ. ನಾವು ಮೇಲೆ ಹೇಳಿದ ತಟ್ಟೆಯ ಮುತ್ತಜ್ಜಿ ಅದು. ಅದಕ್ಕೆ ಹಾಕಿದ ಮೆಣಸು ನಮ್ಮ ಪಶ್ಚಿಮ ಕರಾವಳಿಯಿಂದ ಹಡಗಿನಲ್ಲಿ ಹೋದದ್ದು.

ಕುಡಿಯನ್ನು ಕತ್ತರಿಸಿದರೆ ಗಿಡ ಸಾಯುವುದಿಲ್ಲ. ಮೊದಲ ಎರಡು ಮೂರು ವರ್ಷ ಗಿಡವನ್ನು ಮುಟ್ಟದೆ ಬಿಟ್ಟು, ಆಮೇಲೆ ಪ್ರತಿ ವಸಂತದಲ್ಲಿ ಆರೆಂಟು ವಾರ ಕುಡಿ ಕೊಯ್ದು, ಉಳಿದ ಕಾಲ ಅದನ್ನು ಪೊದೆಯಾಗಿ ಬೆಳೆಯಲು ಬಿಟ್ಟರೆ ಒಂದು ಪಾತಿ ಹದಿನೈದು ಇಪ್ಪತ್ತು ವರ್ಷ ಫಲ ಕೊಡುತ್ತದೆ. ಬೇರು ಅಗೆದರೆ ಹಾಗಲ್ಲ. ತಾಯಿಬುಡವನ್ನು ಉಳಿಸಿ ಮತ್ತೆ ನೆಡುವ ತಾಳ್ಮೆ ಇಲ್ಲದವನ ಕೈಯಲ್ಲಿ ಹಲವು ಮಕ್ಕಳ ತಾಯಿ ಅಂದೇ ತೀರಿಕೊಂಡಳು. ಮನೆಯ ಬಾಣಂತಿಗೆ ಬೇಕಾದಷ್ಟೇ ಅಗೆದ ಕಾಲದಲ್ಲಿ ಇದರಿಂದ ತೊಂದರೆಯಿರಲಿಲ್ಲ. ಕಾರ್ಖಾನೆಗಳಿಗೆ ಮೂಟೆಗಟ್ಟಲೆ ಬೇಕಾದಾಗ ಕಾಡಿನ ಬಳ್ಳಿಗೆ ಕಷ್ಟ ಬಂದಿತು. 2000ದಲ್ಲಿ ಕೇಂದ್ರ ಸರ್ಕಾರ ಸ್ಥಾಪಿಸಿದ ರಾಷ್ಟ್ರೀಯ ಔಷಧೀಯ ಸಸ್ಯಗಳ ಮಂಡಳಿಯು ಹೊಲದಲ್ಲಿ ಬೆಳೆಸಬೇಕೆಂದು ಪ್ರೋತ್ಸಾಹಿಸುವ ಗಿಡಗಳಲ್ಲಿ ಶತಾವರಿಯೂ ಒಂದು.

ಹಾಗೆಂದು ಕುಡಿ ತಿನ್ನುವುದು ನಮಗೆ ಗೊತ್ತೇ ಇರಲಿಲ್ಲ ಎನ್ನುವಂತಿಲ್ಲ. ಬಿದಿರಿನ ಎಳೆಯ ಮೊಳಕೆ ಕಳಲೆ ಇದೆಯಲ್ಲ! ನೆಲದಿಂದ ಆಗತಾನೆ ಮೂತಿ ಹೊರಹಾಕಿದ ಕಳಲೆಯನ್ನು ಸಣ್ಣಗೆ ಹೆಚ್ಚಿ, ನೀರು ಬದಲಾಯಿಸುತ್ತ ಎರಡು ಮೂರು ದಿನ ನೆನೆಸಿ, ಕಹಿ ಹಾಗೂ ನಂಜು ತೆಗೆದು ಪಲ್ಯ, ಸಾರು ಮಾಡುವುದು ಮಲೆನಾಡು, ಕೊಡಗು, ಕಾಡಂಚಿನ ಊರುಗಳಲ್ಲಿ ಹಳೆಯ ರೂಢಿ. ಕಲ್ಲಹಳ್ಳಿಯ ಪ್ರಭುವಾಗಿದ್ದ ಜೈನ ಕವಿ ಮೂರನೆಯ ಮಂಗರಸ ನಮ್ಮ ಮೈಸೂರು ಸೀಮೆಯವನೇ. ಹದಿನಾರನೆಯ ಶತಮಾನದ ಆದಿಭಾಗದಲ್ಲಿ ಷಟ್ಪದಿಯಲ್ಲಿ ಅವನು ಬರೆದ ಸೂಪಶಾಸ್ತ್ರದಲ್ಲಿ ಬದನೆ, ಹಲಸು, ಬಾಳೆಗಳ ಜೊತೆಗೆ ಕಳಲೆಯ ಅಡುಗೆಗಳೂ ಇವೆ. ಕನ್ನಡದಲ್ಲಿ ಅದಕ್ಕಿಂತ ಐನೂರು ವರ್ಷ ಮೊದಲೇ, 1025ರ ಸುಮಾರಿಗೆ, ಎರಡನೆಯ ಚಾವುಂಡರಾಯನ ಲೋಕೋಪಕಾರದಲ್ಲಿ ಅಡುಗೆಗೆ ಒಂದು ಅಧ್ಯಾಯ ಮೀಸಲಾಗಿತ್ತು. ಪಾಕಶಾಸ್ತ್ರವನ್ನು ಬರೆದಿಡುವುದರಲ್ಲಿ ಕನ್ನಡವು ಬಡಭಾಷೆಯಲ್ಲ.

ಇನ್ನು ಹಾಲಿನ ಗಟ್ಟಿ. ಚೀಸ್ ನಮ್ಮದಲ್ಲ, ನಿಜ. ಯುರೋಪಿನಲ್ಲಿ ಅದು ಹುಟ್ಟಿದ್ದು ಕರುವಿನ ಹೊಟ್ಟೆಯ ಒಳಪದರದಿಂದ ತೆಗೆದ ರೆನೆಟ್ ಎಂಬ ಕಿಣ್ವದಿಂದ ಹಾಲನ್ನು ಒಡೆದು. ಆ ಕ್ರಮವನ್ನು ನಮ್ಮ ಗೋಪೂಜೆಯ ಮನೆಗಳು ಒಪ್ಪುವುದು ಸಾಧ್ಯವಿರಲಿಲ್ಲ. ನಮ್ಮ ಹವೆಯಲ್ಲಿ ಹಾಲನ್ನು ಉಳಿಸಲು ಸುಲಭದ ದಾರಿ ಬೇರೆಯೇ ಇತ್ತು: ಹೆಪ್ಪು ಹಾಕಿ ಮೊಸರು, ಕಡೆದು ಬೆಣ್ಣೆ, ಕಾಯಿಸಿ ತುಪ್ಪ. ತುಪ್ಪ ತಿಂಗಳುಗಟ್ಟಲೆ ಕೆಡದು. ಮೈಸೂರು ಸಂಸ್ಥಾನದಲ್ಲಿ ಚಿಕ್ಕದೇವರಾಜ ಒಡೆಯರ ಆಳ್ವಿಕೆಯಲ್ಲಿ (1673–1704) ಬೆಣ್ಣೆ ಚಾವಡಿ ಎಂಬ ಇಲಾಖೆಯೇ ಇತ್ತು. ಅರಮನೆಯ ದನಗಳನ್ನೂ ಹಾಲು ಬೆಣ್ಣೆಯನ್ನೂ ನೋಡಿಕೊಳ್ಳುವುದು ಅದರ ಕೆಲಸ. ಟಿಪ್ಪು ಅದಕ್ಕೆ ಅಮೃತ ಮಹಲ್ ಎಂದು ಹೆಸರಿಟ್ಟನು. ಸೈನ್ಯದ ಫಿರಂಗಿ ಎಳೆದ ಪ್ರಸಿದ್ಧ ಎತ್ತುಗಳ ತಳಿಗೆ ಆ ಹೆಸರು ಇಂದಿಗೂ ನಿಂತಿದೆ. ಇಲಾಖೆ ಬೆಣ್ಣೆಯ ಹೆಸರಿನಲ್ಲಿತ್ತೇ ಹೊರತು ಚೀಸಿನ ಹೆಸರಿನಲ್ಲಿ ಅಲ್ಲ ಎಂಬುದೇ ನಮ್ಮ ಕ್ಷೀರ ಇತಿಹಾಸದ ಸಾರಾಂಶ.

ಆದರೂ ಹಾಲನ್ನು ಒಡೆಯುವುದು ಕನ್ನಡ ನಾಡಿಗೆ ಅಪರಿಚಿತವಾಗಿರಲಿಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಕಾದ ಹಾಲಿಗೆ ಹುಳಿ ಹಿಂಡಿ ಒಡೆದು, ಬಟ್ಟೆಯಲ್ಲಿ ಸೋಸಿ, ಅಕ್ಕಿಹಿಟ್ಟು ಸೇರಿಸಿ ಉಂಡೆಕಟ್ಟಿ ತುಪ್ಪದಲ್ಲಿ ಕರಿಯುವ ಸಿಹಿಯ ವಿವರಣೆಯಿದೆ. ಅರಮನೆಯ ಆ ತಿಂಡಿ ನಮ್ಮ ಹಳ್ಳಿಗೆ ಬಂದಿತೋ ಇಲ್ಲವೋ, ಹಳ್ಳಿಯಲ್ಲಿ ಅದಕ್ಕಿಂತ ಸೊಗಸಾದದ್ದು ಇತ್ತು. ಅದೇ ಗಿಣ್ಣು. ಹಸು ಈದ ಮೊದಲ ಕೆಲವು ದಿನಗಳ ಹಳದಿಬಣ್ಣದ ಹಾಲಿಗೆ ಬೆಲ್ಲ, ಏಲಕ್ಕಿ ಹಾಕಿ ಸಣ್ಣ ಉರಿಯಲ್ಲಿಟ್ಟರೆ ಹುಳಿಯಿಲ್ಲದೆ, ಕಿಣ್ವವಿಲ್ಲದೆ, ತನ್ನಲ್ಲಿರುವ ಸಸಾರಜನಕದ ಬಲದಿಂದಲೇ ಅದು ಗಟ್ಟಿಯಾಗುತ್ತದೆ. ಚಾಕುವಿನಿಂದ ಕತ್ತರಿಸಿ ತಿನ್ನಬಹುದು. ಮೊದಲು ಕರುವಿನ ಪಾಲು, ಅನಂತರ ಉಳಿದದ್ದು. ಗಿಣ್ಣುಹಾಲನ್ನು ಮಾರಬಾರದು, ನೆರೆಹೊರೆಗೆ ಹಂಚಬೇಕು ಎಂಬುದು ಹಿರಿಯರ ಕಟ್ಟಳೆಯಾಗಿತ್ತು. ಈಗ ಅದು ಅಂಗಡಿಯಲ್ಲಿಯೂ ಸಿಗುತ್ತದೆ. ಹಾಗೆಯೇ ನಂದಿನಿ ಹೆಸರಿನ ಚೀಸ್ ಕೂಡ. ಈಚಿನ ಚೀಸುಗಳಲ್ಲಿ ಹಲವನ್ನು ಸೂಕ್ಷ್ಮಜೀವಿಗಳಿಂದ ಪಡೆದ ಕಿಣ್ವದಿಂದ ಮಾಡುವುದರಿಂದ ಪೊಟ್ಟಣದ ಮೇಲೆ ಹಸಿರು ಚುಕ್ಕೆ ಇರುತ್ತದೆ.

ಮೂರನೆಯದು ಉಪ್ಪಿನ ಮಾಂಸ. ಇದರ ಬಗೆಗೆ ಸ್ವಲ್ಪ ನಿಧಾನವಾಗಿ ಬರೆಯಬೇಕಾಗಿದೆ.

ತಿರುಮಕೂಡಲಿನಲ್ಲಿ ಕಾವೇರಿ ಕಪಿಲೆಯರು ಕೂಡುವ ತಾಣದ ಬಳಿ 1959ರಿಂದ ಆರಂಭವಾಗಿ ಕೆಲವು ಋತುಗಳಲ್ಲಿ ಡಾ. ಎಂ. ಶೇಷಾದ್ರಿಯವರ ನೇತೃತ್ವದಲ್ಲಿ ಉತ್ಖನನ ನಡೆಯಿತು. ವರದಿ 1971ರಲ್ಲಿ ಪ್ರಕಟವಾಯಿತು. ಮೂರೂವರೆ ಸಾವಿರ ವರ್ಷಗಳಿಗೂ ಹಿಂದಿನ ನವಶಿಲಾಯುಗದ ಜನರ ಮಡಕೆಗಳು, ಕಲ್ಲಿನ ಉಪಕರಣಗಳು, ಸಮಾಧಿಗಳು, ಸುಟ್ಟ ಮಣ್ಣಿನ ತಲೆದಿಂಬುಗಳು ಅಲ್ಲಿ ದೊರೆತವು. ದಕ್ಷಿಣದ ಈ ಕಾಲದ ನೆಲೆಗಳಲ್ಲಿ ದನ, ಕುರಿ, ಮೇಕೆಗಳ ಮೂಳೆಗಳು ಸಾಮಾನ್ಯವಾಗಿ ಸಿಗುತ್ತವೆ. ಸಂಗಮದಲ್ಲಿ 1989ರಿಂದ ಮೂರು ವರ್ಷಕ್ಕೊಮ್ಮೆ ಕುಂಭಮೇಳಕ್ಕೆ ಸೇರುವ ನಾವು, ಅದೇ ದಡದಲ್ಲಿ ಒಲೆ ಹೂಡಿದ ಮೊದಲ ಜನ ದನಕುರಿ ಸಾಕಿ, ಹಾಲನ್ನೂ ಮಾಂಸವನ್ನೂ ಬಲ್ಲವರಾಗಿದ್ದರೆಂಬುದನ್ನು ಮರೆಯಬಾರದು.

ಉಪ್ಪುಕಂಡವೆಂದರೆ ಮಾಂಸವನ್ನು ಉದ್ದನೆಯ ತೆಳು ಎಳೆಗಳಾಗಿ ಕೊಯ್ದು, ಉಪ್ಪು, ಅರಿಶಿನ, ಖಾರದ ಪುಡಿ ತಿಕ್ಕಿ, ದಾರಕ್ಕೆ ಪೋಣಿಸಿ, ಬಿಸಿಲಿಗೆ ಕಟ್ಟಿ ಒಣಗಿಸಿದ್ದು. ಮಾರಿಹಬ್ಬದಲ್ಲಿ ಒಂದೇ ದಿನ ಊರಿಗೆಲ್ಲ ಮಾಂಸ. ಮರುದಿನಕ್ಕೆ ಕೆಡುತ್ತದೆ. ಅದನ್ನು ಮಳೆಗಾಲದವರೆಗೆ ಉಳಿಸುವ ಉಪಾಯವೇ ಇದು. ಉಪ್ಪು ಮಾಂಸದ ನೀರನ್ನು ಹೊರಗೆಳೆಯುತ್ತದೆ, ಬಿಸಿಲು ಅದನ್ನು ಆರಿಸುತ್ತದೆ. ನೀರಿಲ್ಲದೆಡೆ ಕೊಳೆಸುವ ಜೀವಾಣುಗಳು ಬೆಳೆಯಲಾರವು. ಒಣಗಿದ ಮೇಲೆ ಒಲೆಯ ಮೇಲ್ಭಾಗದಲ್ಲಿ ತೂಗುಹಾಕಿದರೆ ಹೊಗೆಯೂ ಕಾವಲಿಗೆ ಸೇರುತ್ತದೆ. ಬೇಕಾದಾಗ ಕೆಂಡದಲ್ಲಿ ಸುಟ್ಟು, ಜಜ್ಜಿ, ಬದನೆಕಾಯಿಯ ಜೊತೆಗೋ ಅವರೆಕಾಳಿನ ಜೊತೆಗೋ ಸಾರು ಮಾಡಿ ಮುದ್ದೆಯೊಡನೆ ಉಣ್ಣುತ್ತಾರೆ.

ಯುರೋಪಿನ ಹ್ಯಾಮ್ ಹುಟ್ಟಿದ್ದೂ ಇದೇ ಅಗತ್ಯದಿಂದ. ಅಲ್ಲಿ ಚಳಿಗಾಲಕ್ಕೆ ಮುನ್ನ ಹಂದಿಯನ್ನು ಕಡಿದು, ತೊಡೆಗೆ ಉಪ್ಪು ತುಂಬಿ, ತಣ್ಣನೆಯ ಗಾಳಿಯಲ್ಲಿ ತಿಂಗಳುಗಟ್ಟಲೆ ತೂಗುಹಾಕುತ್ತಿದ್ದರು. ಅವರಿಗೆ ಚಳಿ ನೆರವಾಯಿತು, ನಮಗೆ ಬಿಸಿಲು. ಉಪ್ಪು ಇಬ್ಬರಿಗೂ ಒಂದೇ. ಕಡಲಿನಿಂದ ಬಲು ದೂರದ ನಮ್ಮ ಬಯಲಿನಲ್ಲಿ ಸವುಳು ಮಣ್ಣನ್ನು ನೀರಿನಲ್ಲಿ ಕದಡಿ ಸೋಸಿ ಉಪ್ಪು ತೆಗೆಯುತ್ತಿದ್ದವರು ಉಪ್ಪಾರರು. ಸಮುದಾಯದ ಹೆಸರಿನಲ್ಲಿಯೇ ಆ ಕಸುಬು ಉಳಿದಿದೆ.

ಮಾನಸೋಲ್ಲಾಸದ ಸೋಮೇಶ್ವರನು ಮಾಂಸದ ಅಡುಗೆಗಳನ್ನು ಯಾವ ಸಂಕೋಚವೂ ಇಲ್ಲದೆ ಬರೆದಿದ್ದಾನೆ. ಹಂದಿಯ ಕೂದಲನ್ನು ಬಿಸಿನೀರಿನಿಂದ ತೆಗೆಯುವ ಬಗೆ, ಕೆಂಡದಲ್ಲಿ ಸುಡುವ ಬಗೆ ಎಲ್ಲವೂ ಅಲ್ಲಿವೆ. ಬರೆದವನು ಚಕ್ರವರ್ತಿ, ಕೇಳುವವರು ಯಾರು? ನಮ್ಮ ಮಂಗರಸನ ಗ್ರಂಥದಲ್ಲಿ ಮಾಂಸವಿಲ್ಲ. ಜೈನನಾದ ಆತನಿಂದ ಅದನ್ನು ನಿರೀಕ್ಷಿಸುವುದೂ ನ್ಯಾಯವಲ್ಲ. ಆದರೆ ಇವರಿಬ್ಬರ ನಡುವೆ, ಬಡವರ ಕೇರಿಯ ಉಪ್ಪುಕಂಡವನ್ನು ಓಲೆಗರಿಯಲ್ಲಿ ಬರೆದಿಡುವವರು ಯಾರೂ ಇರಲಿಲ್ಲ. ಓಲೆಗರಿ ಇದ್ದ ಮನೆಯಲ್ಲಿ ಉಪ್ಪುಕಂಡವಿರಲಿಲ್ಲ, ಉಪ್ಪುಕಂಡವಿದ್ದ ಮನೆಗೆ ಅಕ್ಷರವನ್ನು ಬಿಡಲಿಲ್ಲ.

ನಾನು ಕೆಲಸ ಮಾಡಿದ ಒಂದು ಪ್ರೌಢಶಾಲೆಯಲ್ಲಿ ವಾಸ್ಕೋ ಡ ಗಾಮನ ಪಾಠ ನಡೆಯುತ್ತಿತ್ತು. 1498, ಕಲ್ಲಿಕೋಟೆ, ಮೆಣಸು. ಯುರೋಪಿನವರು ಚಳಿಗಾಲಕ್ಕೆ ಉಪ್ಪು ಹಾಕಿಟ್ಟ ಮಾಂಸವನ್ನು ಉಣ್ಣಲು ಮೆಣಸನ್ನು ಹುಡುಕಿ ಬಂದರೆಂದು ಆಗಿನ ಪುಸ್ತಕಗಳು ಹೇಳುತ್ತಿದ್ದವು. (ಮಾಂಸ ಉಳಿಸಲು ಮೆಣಸು ಬೇಕಾಗಿತ್ತೆಂಬ ಮಾತನ್ನು ಈಗಿನ ಇತಿಹಾಸಕಾರರು ಒಪ್ಪುವುದಿಲ್ಲ. ಉಳಿಸುವುದು ಉಪ್ಪು, ಮೆಣಸು ಬೇಕಾದದ್ದು ರುಚಿಗೂ ಅಂತಸ್ತಿಗೂ.) ಉಪ್ಪು ಹಾಕಿ ಒಣಗಿಸಿದ ಮಾಂಸವನ್ನು ನೋಡಿದವರು ಯಾರಾದರೂ ಇದ್ದೀರಾ ಎಂದು ತರಗತಿಯನ್ನು ಕೇಳಿದೆ. ಒಂದು ಕೈಯೂ ಮೇಲೇಳಲಿಲ್ಲ. ಗಂಟೆ ಹೊಡೆದ ಮೇಲೆ ಒಬ್ಬಳು ಹುಡುಗಿ ಹೊರಗೆ ಕಾಯುತ್ತಿದ್ದಳು. “ಸಾ, ನಮ್ಮಜ್ಜಿ ಮಾಡ್ತದೆ ಸಾ” ಎಂದು ಮೆಲ್ಲಗೆ ಆರಂಭಿಸಿ, ಎಷ್ಟು ದಪ್ಪಕ್ಕೆ ಕೊಯ್ಯಬೇಕು, ಮೋಡ ಕವಿದರೆ ಏನು ಮಾಡಬೇಕು, ಕಾಗೆ ಬಾರದಂತೆ ಕಡ್ಡಿ ಹಿಡಿದು ಕೂರುವ ಸರದಿ ಯಾರದು ಎಂದು ಒಂದೊಂದಾಗಿ ವಿವರಿಸಿದಳು. ಆ ಐದು ನಿಮಿಷದಲ್ಲಿ ಅವಳು ಹೇಳಿದ್ದು ಯಾವ ಪಠ್ಯಪುಸ್ತಕದ ಅಡುಗೆಯ ವಿವರಣೆಗೂ ಕಡಮೆಯಾದದ್ದಲ್ಲ. ಆದರೆ ತರಗತಿಯೊಳಗೆ ಅವಳ ಕೈ ಏಳಲಿಲ್ಲ. ಮಧ್ಯಾಹ್ನದ ಊಟದಲ್ಲಿ ಡಬ್ಬಿಯ ಮುಚ್ಚಳವನ್ನು ಓರೆಯಾಗಿ ಎತ್ತಿಹಿಡಿದು, ಒಳಗೇನಿದೆಯೆಂದು ಪಕ್ಕದವರಿಗೆ ಕಾಣದಂತೆ ಉಣ್ಣುತ್ತಿದ್ದ ಮಕ್ಕಳನ್ನು ನಾವು ಉಪಾಧ್ಯಾಯರೆಲ್ಲ ಕಂಡಿದ್ದೇವೆ. ನಿಮ್ಮಲ್ಲಿ ಕೆಲವರು ಆ ಮಕ್ಕಳೇ.

ಇಟಲಿಯ ಉಪ್ಪುಕಂಡಕ್ಕೆ ಪ್ರೊಷೂಟೊ ಎಂದು ಹೆಸರು. ಅದರ ಗ್ರಾಂ ಲೆಕ್ಕದ ಬೆಲೆಯನ್ನು ಹೊರದೇಶದಲ್ಲಿರುವವರು ಬಲ್ಲಿರಿ. ಉಪ್ಪೂ ಗಾಳಿಯೂ ಕಾಲವೂ ಸೇರಿ ಮಾಡಿದ ಒಂದೇ ಕೆಲಸಕ್ಕೆ ಒಂದೆಡೆ ಪ್ರಶಸ್ತಿ, ಇನ್ನೊಂದೆಡೆ ನಾಚಿಕೆ. ಈ ನಾಚಿಕೆ ಮಾಂಸದಿಂದ ಹುಟ್ಟಿದ್ದಲ್ಲ, ಮನುಷ್ಯರು ಕಲಿಸಿದ್ದು. ನಂಜನಗೂಡು ತಾಲ್ಲೂಕಿನ ದೇವನೂರಿನವರಾದ ದೇವನೂರ ಮಹಾದೇವರ ‘ಒಡಲಾಳ’ವನ್ನು ಓದಿದವರಿಗೆ ನಾನು ಹೇಳುತ್ತಿರುವುದು ತಿಳಿಯುತ್ತದೆ. ಸಾಕವ್ವನ ಮನೆಯವರು ಕದ್ದು ತಂದ ಕಡಲೆಕಾಯಿಯನ್ನು ಸುತ್ತ ಕುಳಿತು ತಿಂದು ಮುಗಿಸುವ ರಾತ್ರಿ ಕನ್ನಡ ಸಾಹಿತ್ಯದಲ್ಲಿಯೇ ಒಂದು ದೊಡ್ಡ ಊಟ. ಬರೆಯದ ಒಲೆಗಳ ಕಡೆಯಿಂದ ಬರೆದ ಕಥೆ ಅದು.

ನಾಲ್ಕನೆಯದು ಬೇಯಿಸುವ ವಿಧಾನ. ಓವನ್ ನಮ್ಮಲ್ಲಿರಲಿಲ್ಲ, ಆದರೆ ಅದರ ತತ್ತ್ವವಿತ್ತು. ಸೂಪಶಾಸ್ತ್ರದಲ್ಲಿ ಮುಚ್ಚಳ ರೊಟ್ಟಿ ಎಂಬ ಒಂದು ಬಗೆಯಿದೆ. ಕಾವಲಿಯ ಮೇಲೆ ರೊಟ್ಟಿಯನ್ನಿಟ್ಟು, ಇನ್ನೊಂದು ತಟ್ಟೆ ಮುಚ್ಚಿ, ಅದರ ಮೇಲೂ ಕೆಂಡ ಹರವಿ ಎರಡು ಕಡೆಯಿಂದ ಬೇಯಿಸುವುದು. ಬ್ರಿಟಿಷರ ಕಾಲದಲ್ಲಿ ಬಂಗಲೆಗಳ ಅಡುಗೆಯವರು ಕೇಕನ್ನೂ ಪುಡಿಂಗನ್ನೂ ಬೇಯಿಸಿದ್ದು ಇದೇ ಉಪಾಯದಿಂದ. ಆ ಬಂಗಲೆಗಳಿಗೆ ತರಕಾರಿ ಬಂದದ್ದು ಊಟಿಯಿಂದಲೂ ಬೆಂಗಳೂರಿನಿಂದಲೂ. ನಂಜನಗೂಡು ಊಟಿಯ ರಸ್ತೆಯ ಮೇಲಿರುವ ಊರು. ಬೀಟ್ರೂಟ್, ಕ್ಯಾರೆಟ್, ಕೋಸುಗಳು ಆ ರಸ್ತೆಯಲ್ಲಿ ಇಳಿದು ಬಂದು ನಮ್ಮ ಸಂತೆಯಲ್ಲಿ ಇಂಗ್ಲಿಷ್ ತರಕಾರಿಯೆಂದು ಕರೆಸಿಕೊಂಡವು. ಲಾಲ್‌ಬಾಗಿನ ಜಾನ್ ಕ್ಯಾಮೆರಾನ್ ತರಿಸಿ ಬೆಳೆಸಿದರೆಂದು ಹೇಳುವ ತರಕಾರಿ ಸೀಮೆ ಬದನೆಕಾಯಿಯಾಯಿತು. ಹೊರಗಿನಿಂದ ಬಂದದ್ದಕ್ಕೆಲ್ಲ ಸೀಮೆಯೆಂಬ ಮುದ್ರೆ: ಸೀಮೆಎಣ್ಣೆ, ಸೀಮೆಹಸು, ನಾನು ಬದುಕಿಡೀ ಕೈಯಲ್ಲಿ ಹಿಡಿದ ಸೀಮೆಸುಣ್ಣ. ಶ್ರಾದ್ಧದ ಅಡುಗೆಗೆ ಈ ತರಕಾರಿಗಳು ಇಂದಿಗೂ ನಿಷಿದ್ಧ. ಉಳಿದ ದಿನಗಳಲ್ಲಿ ಅವುಗಳಿಲ್ಲದೆ ನಮಗೆ ಸಾಂಬಾರಿಲ್ಲ. ಇವೆಲ್ಲ ನಮ್ಮ ಒಲೆ ಏರಿದವು. ಆಸ್ಪರಾಗಸ್ ಮಾತ್ರ ಬಂಗಲೆ, ಹೋಟೆಲುಗಳ ಆಚೆ ಬರಲಿಲ್ಲ.

ಈಗ ಮೊದಲು ಕೇಳಿದ ಪ್ರಶ್ನೆಗೆ ಬರೋಣ. ಬೇಲಿಯಲ್ಲಿ ಶತಾವರಿ, ಕೊಟ್ಟಿಗೆಯಲ್ಲಿ ಗಿಣ್ಣು, ದಾರದಲ್ಲಿ ಉಪ್ಪುಕಂಡ, ಮುಚ್ಚಳದ ಮೇಲೆ ಕೆಂಡ. ಎಲ್ಲವೂ ಒಂದು ಕೂಗಳತೆಯೊಳಗೆ ಇದ್ದವು. ಆದರೆ ಶತಾವರಿಯ ಗುಣವನ್ನು ಬಲ್ಲವರು ಪಂಡಿ��ರು, ಅದು ಬೆಳೆಯುವ ಜಾಗವನ್ನು ಬಲ್ಲವರು ಕಾಡಂಚಿನವರು. ಹಸುವಿದ್ದದ್ದು ಒಂದು ಬೀದಿಯಲ್ಲಿ, ಉಪ್ಪು ತೆಗೆದವರು ಇನ್ನೊಂದು ಬೀದಿಯಲ್ಲಿ, ಮಾಂಸ ಒಣಗಿಸಿದವರು ಊರಾಚೆಯ ಕೇರಿಯಲ್ಲಿ. ಅಗ್ರಹಾರ, ಒಕ್ಕಲಗೇರಿ, ಕುರುಬಗೇರಿ, ಉಪ್ಪಾರಗೇರಿ, ಬೆಸ್ತರಗೇರಿ ಎಂದು ಬೀದಿಗೊಂದು ಒಲೆ, ಒಲೆಗೊಂದು ಗೋಡೆ. ದಿನಸಿ ಬೀದಿಯಿಂದ ಬೀದಿಗೆ ಹೋಯಿತು, ಬೇಯಿಸಿದ ಅನ್ನ ಹೋಗಲಿಲ್ಲ. ಅಡುಗೆ ಬೆಳೆಯುವುದು ಬೇಯಿಸಿದ್ದು ಕೈಬದಲಾದಾಗ. ಒಬ್ಬರ ಸಾರಿನ ರುಚಿ ನೋಡಿ ಇನ್ನೊಬ್ಬರು ಅದಕ್ಕೆ ತಮ್ಮದೊಂದನ್ನು ಸೇರಿಸಿದಾಗ ಹೊಸ ಅಡುಗೆ ಹುಟ್ಟುತ್ತದೆ. ಅಲ್ಲಿಯೂ ಮೇಲುಕೀಳು ಇತ್ತು, ಧಣಿಯ ಊಟವೂ ಆಳಿನ ಊಟವೂ ಬೇರೆಯಾಗಿದ್ದವು. ಆದರೆ ಕುಡಿಯನ್ನು ಬೆಳೆದವನು, ಹಸು ಕರೆದವಳು, ಹಂದಿಯ ತೊಡೆಗೆ ಉಪ್ಪು ತಿಕ್ಕಿದವನು ಒಂದೇ ರೈತನ ಮನೆಯವರಾಗಿರಬಹುದಾಗಿತ್ತು, ಒಂದೇ ಮೇಜಿನ ಸುತ್ತ ಕೂರಬಹುದಾಗಿತ್ತು. ನಮ್ಮಲ್ಲಿ ಅದು ಸಾಧ್ಯವಾಗಲಿಲ್ಲ. ಪದಾರ್ಥಗಳ ಕೊರತೆಯಿಂದಲ್ಲ, ಪಂಕ್ತಿಯ ಕೊರತೆಯಿಂದ ನಮ್ಮ ಅಡುಗೆಗಳು ಬೇರೆಬೇರೆಯಾಗಿ ಉಳಿದವು.

ಇದರಿಂದಾದ ನಷ್ಟ ರುಚಿಯದು ಮಾತ್ರವಲ್ಲ. ಬರೆದಿಟ್ಟ ವಿದ್ಯೆಗೆ ಮಾರುಕಟ್ಟೆ ಸಿಕ್ಕಿ ಬೇರನ್ನು ಅತಿಯಾಗಿ ಅಗೆದೆವು. ಬರೆಯದ ವಿದ್ಯೆ ಅಜ್ಜಿಯರೊಡನೆ ಮಣ್ಣಾಗುತ್ತಿದೆ. ನಂಜನಗೂಡಿನ ರಸಬಾಳೆಯ ಕಥೆ ನಿಮಗೆ ಗೊತ್ತು. ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದ್ದರೂ ಪನಾಮಾ ಸೊರಗುರೋಗದ ಹೊಡೆತದಿಂದ ತೋಟಗಳು ವಿರಳವಾದವು. ಬಾಳೆಯ ಕಂದಿಗಾದರೂ ಪ್ರಯೋಗಾಲಯವಿದೆ. ಮೋಡ ಕವಿದ ದಿನ ಉಪ್ಪುಕಂಡವನ್ನು ಉಳಿಸುವ ಉಪಾಯಕ್ಕೆ ಯಾವ ಪ್ರಯೋಗಾಲಯವಿದೆ?

ಆದ್ದರಿಂದ ನನ್ನ ಕೋರಿಕೆ ಇಷ್ಟು. ನಿಮ್ಮ ಮನೆಯ ಹಿರಿಯರು ಮಾಡುತ್ತಿದ್ದ ಅಡುಗೆಯನ್ನು, ಅದು ಯಾವುದೇ ಇರಲಿ, ಅಳತೆ ಸಮೇತ ಬರೆದಿಡಿ. ಅವರ ಮಾತಿನಲ್ಲಿಯೇ ಬರೆಯಿರಿ, ತಿದ್ದಬೇಡಿ. ಹಿತ್ತಲಿರುವವರು ಒಂದು ಶತಾವರಿ ಬಳ್ಳಿಯನ್ನು ನೆಡಿ. ನೇಪಾಳದಲ್ಲಿ ಇದೇ ಕುಲದ ಕಾಡುಬಳ್ಳಿಯ ಕುಡಿಯನ್ನು ಕುರಿಲೋ ಎಂದು ಕರೆದು ಪಲ್ಯ ಮಾಡುತ್ತಾರೆ. ಆದರೆ ಬೇಲಿಯಿಂದ ಕಿತ್ತು ತಂದ ಯಾವುದನ್ನೂ ತಿಳಿದವರಿಗೆ ತೋರಿಸದೆ ಬಾಯಿಗೆ ಹಾಕಬೇಡಿ. ಅದೇ ಬೇಲಿಯಲ್ಲಿ ವಿಷದ ಗೆಡ್ಡೆಯ ಅಗ್ನಿಶಿಖೆಯೂ ಹಬ್ಬಿರುತ್ತದೆ.

ಅಂಗಡಿಯ ಆಸ್ಪರಾಗಸ್ ಸಿಕ್ಕಿದವರು ಅದನ್ನು ಎರಡು ನಿಮಿಷ ಕುದಿಸಿ, ಎಣ್ಣೆ ಸವರಿದ ತಟ್ಟೆಯಲ್ಲಿಟ್ಟು, ಮೇಲೆ ಚೀಸ್ ತುರಿದು ಹಾಕಿ. ಓವನ್ ಇಲ್ಲದಿದ್ದರೆ ಹಳೆಯ ಕುಕ್ಕರಿನ ತಳದಲ್ಲಿ ಮರಳು ಹರವಿ, ರಬ್ಬರ್ ಹಾಗೂ ವೆಯ್ಟ್ ತೆಗೆದು ಕಾಯಿಸಿ, ಒಳಗೆ ಒಂದು ಸ್ಟ್ಯಾಂಡಿನ ಮೇಲೆ ತಟ್ಟೆಯನ್ನಿಡಿ. ಮಾಂಸ ತಿನ್ನುವವರು ಹ್ಯಾಮ್ ಹುಡುಕಿಕೊಂಡು ಹೋಗಬೇಕಾಗಿಲ್ಲ. ಉಪ್ಪುಕಂಡವನ್ನು ಸುಟ್ಟು, ನುಣ್ಣಗೆ ಜಜ್ಜಿ, ಚೀಸಿನ ಕೆಳಗೆ ಉದುರಿಸಿ. ಅದರಲ್ಲಿಯೇ ಉಪ್ಪಿರುವುದರಿಂದ ಬೇರೆ ಉಪ್ಪು ಬೇಡ. ತಿನ್ನದವರು ಹುರಿದ ಕಡಲೆಕಾಯಿಯನ್ನು ಕುಟ್ಟಿ ಹಾಕಿಕೊಳ್ಳಬಹುದು. ಎರಡೂ ತಟ್ಟೆಗಳನ್ನು ಒಂದೇ ಮೇಜಿನ ಮೇಲಿಡಿ, ಮುಚ್ಚಳ ತೆಗೆದಿಡಿ.